ಸೇತುವೆ ಮೇಲೆ ಇರೋದು ಜನವಾ?

ಪಕ್ಕದ ಮನೆಯ ರಾಯರು ಜಿಲ್ಲಾ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಯಾವ ಕಾಗದ ಕೊಟ್ಟರೂ ಮೊದಲು ತಾರೀಖು, ಆಮೇಲೆ ಮೊಹರು, ಕೊನೆಗೆ ಪುರುಸೊತ್ತಿದ್ದರೆ ವಿಷಯ. ಲಂಡನ್ನಿನಲ್ಲಿರುವ ಮಗಳು ಟೇಟ್ ಗ್ಯಾಲರಿಯಿಂದ ತಂದುಕೊಟ್ಟ ಚಿತ್ರದ ಅಚ್ಚೊಂದನ್ನು ನಾನು ಕಾಂಪೌಂಡ್ ಗೋಡೆಯ ಮೇಲಿಂದ ಅವರ ಕೈಗೆ ದಾಟಿಸಿದಾಗಲೂ ಅದೇ ವಿಚಾರಣೆ ನಡೆಯಿತು. ಹಿಂದೆ ತಿರುಗಿಸಿದರು, ಕನ್ನಡಕ ಹಣೆಗೇರಿಸಿ ಮೂಗಿನ ಹತ್ತಿರ ತಂದರು, ತೋಳು ಚಾಚಿ ದೂರ ಹಿಡಿದರು, ಒಮ್ಮೆ ತಲೆಕೆಳಗು ಮಾಡಿಯೂ ನೋಡಿದರು.

"ಕರೆಂಟು ಹೋದಾಗ ಬರೆದದ್ದಾ ಮೇಷ್ಟ್ರೇ?"

"ಆಗ ಕರೆಂಟೇ ಇರಲಿಲ್ಲ ರಾಯರೇ. ಹೆಚ್ಚುಕಮ್ಮಿ 1872ರಿಂದ 75ರೊಳಗಿನ ಚಿತ್ರ. ಗ್ಯಾಸ್ ದೀಪದ ಕಾಲ."

"ನಡುವೆ ನಿಂತಿರೋದು ಏನು, ನೇಣುಗಂಬವಾ?"

"ಸೇತುವೆ. ಸೇತುವೆಯ ಒಂದೇ ಒಂದು ಕಾಲು."

"ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಇರೋದು? ಜನವಾ?"

ನಗು ಬಂತು. ಇದೇ ಚಿತ್ರವನ್ನು ಮುಂದಿಟ್ಟುಕೊಂಡು ಇದೇ ಪ್ರಶ್ನೆಯನ್ನು 1878ರ ನವೆಂಬರಿನಲ್ಲಿ ಲಂಡನ್ನಿನ ಕೋರ್ಟೊಂದರಲ್ಲಿ ಕೇಳಿದ್ದರು. ಬರೆದವನು ಸಾಕ್ಷಿಕಟ್ಟೆಯಲ್ಲೇ ನಿಂತಿದ್ದ. ನಿಮಗೆ ಏನು ಬೇಕೋ ಅದು ಅಂದುಕೊಳ್ಳಿ ಎನ್ನುವ ಧಾಟಿಯಲ್ಲಿ ಉತ್ತರ ಕೊಟ್ಟ. ಸೇತುವೆ ಚಿತ್ರದ ಯಾವ ಭಾಗದಲ್ಲಿದೆ ಅಂತ ನ್ಯಾಯಾಧೀಶರೇ ಕೇಳಿ, ಕೋರ್ಟಿಗೆ ಕೋರ್ಟೇ ನಕ್ಕು, ಅವರು ಸಿಟ್ಟಾಗಿ ನಕ್ಕವರನ್ನು ಗದರಿದರು.

'ಕೋರ್ಟು' ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ರಾಯರು ಚಿತ್ರವನ್ನು ಗೋಡೆಯ ಮೇಲೆ ಅಂಗಾತ ಮಲಗಿಸಿ, ಗಾಳಿಗೆ ಹಾರದಂತೆ ತಮ್ಮ ನಶ್ಯದ ಡಬ್ಬಿಯನ್ನು ಅದರ ಮೇಲಿಟ್ಟರು. "ಹಾಗೆ ಹೇಳಿ ಮತ್ತೆ. ವಾದಿ ಯಾರು? ಪ್ರತಿವಾದಿ ಯಾರು?"

ವಾದಿ ಜೇಮ್ಸ್ ಮ್ಯಾಕ್‌ನೀಲ್ ವಿಸ್ಲರ್. ಅಮೆರಿಕದವನು, ಮ್ಯಾಸಚೂಸೆಟ್ಸಿನ ಲೋವೆಲ್ ಎಂಬ ಊರಿನಲ್ಲಿ 1834ರಲ್ಲಿ ಹುಟ್ಟಿದವನು. ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯಿಂದ ಹೊರಬಿದ್ದು, ಕೆಲಕಾಲ ಸರ್ಕಾರದ ಕರಾವಳಿ ಸರ್ವೆ ಕಚೇರಿಯಲ್ಲಿ ನಕ್ಷೆ ಕೊರೆದು, ಪ್ಯಾರಿಸ್ಸಿಗೆ ಹೋಗಿ ಚಿತ್ರ ಕಲಿತು, ಕೊನೆಗೆ ಲಂಡನ್ನಿನ ಚೆಲ್ಸಿಯಲ್ಲಿ ಥೇಮ್ಸ್ ನದಿಗೆ ಮುಖ ಮಾಡಿದ ಮನೆ ಹಿಡಿದ. ಪ್ರತಿವಾದಿ ಜಾನ್ ರಸ್ಕಿನ್. ಇಂಗ್ಲೆಂಡಿನಲ್ಲಿ ಯಾವ ಚಿತ್ರ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳುವ ಅಧಿಕಾರ ಆ ಕಾಲಕ್ಕೆ ಹೆಚ್ಚುಕಮ್ಮಿ ಅವನೊಬ್ಬನ ಕೈಯಲ್ಲಿತ್ತು. 1877ರಲ್ಲಿ ಗ್ರೋವ್‌ನರ್ ಗ್ಯಾಲರಿಯ ಪ್ರದರ್ಶನದಲ್ಲಿ ವಿಸ್ಲರನ ಇನ್ನೊಂದು ರಾತ್ರಿಚಿತ್ರವಿತ್ತು. ಕಪ್ಪು ಆಕಾಶದಿಂದ ಬಾಣಬಿರುಸಿನ ಕಿಡಿ ಉದುರುವ ಚಿತ್ರ. ಬೆಲೆ 200 ಗಿನಿ. ಅದನ್ನು ನೋಡಿ ರಸ್ಕಿನ್, ಇವನು ಬಣ್ಣದ ಕುಡಿಕೆಯನ್ನು ಜನರ ಮುಖಕ್ಕೆ ಎರಚಿ ಮೇಲಿಂದ ದುಡ್ಡನ್ನೂ ಕೇಳುತ್ತಿದ್ದಾನೆ ಎಂಬರ್ಥದಲ್ಲಿ ಬರೆದ. ವಿಸ್ಲರ್ ಮಾನನಷ್ಟಕ್ಕೆ ದಾವೆ ಹೂಡಿದ. ಸಾವಿರ ಪೌಂಡು ಕೇಳಿದ.

"ಮತ್ತೆ ಈ ಸೇತುವೆ ಚಿತ್ರ ಕೋರ್ಟಿಗೆ ಯಾಕೆ ಬಂತು? ದಾವೆ ಇರೋದು ಇನ್ನೊಂದರ ಮೇಲಲ್ಲವಾ?"

"ಇವನ ಕೈ ಎಂಥದ್ದು ಅಂತ ತೋರಿಸೋಕೆ ಇದನ್ನೂ ಹಾಜರುಪಡಿಸಿದರು."

"ದಸ್ತಾವೇಜು," ಎಂದರು ರಾಯರು ತೃಪ್ತಿಯಿಂದ. ನಶ್ಯದ ಡಬ್ಬಿ ಪಕ್ಕಕ್ಕೆ ಸರಿಯಿತು. ಈಗ ಚಿತ್ರಕ್ಕೆ ಅವರ ಕಣ್ಣಲ್ಲಿ ಒಂದು ನಂಬರು ಬಿದ್ದಿತ್ತು. ಇನ್ನು ಅದನ್ನು ಪೂರ್ತಿ ನೋಡದೆ ಬಿಡುವವರಲ್ಲ.

ನೋಡುವುದಕ್ಕೆ ಹೆಚ್ಚೇನೂ ಇಲ್ಲ ಅನ್ನುವುದೇ ಇದರ ಸೊಗಸು. ಥೇಮ್ಸ್ ಮೇಲಿನ ಬ್ಯಾಟರ್ಸೀ ಸೇತುವೆಯ ಒಂದು ಮರದ ಕಾಲು ನೀರಿನಿಂದ ಎದ್ದು ಚಿತ್ರದ ಮೇಲ್ಭಾಗದವರೆಗೂ ಹೋಗಿದೆ. ಅದರ ಮೇಲೆ ಅಡ್ಡಲಾಗಿ ಸೇತುವೆಯ ಬೆನ್ನು, ಬೆನ್ನಿನ ಮೇಲೆ ರಾಯರಿಗೂ ರಸ್ಕಿನ್ನನ ವಕೀಲರಿಗೂ ಜನ ಹೌದೋ ಅಲ್ಲವೋ ಎನಿಸಿದ ಮಸುಕು ಆಕೃತಿಗಳು. ಕೆಳಗೆ ದೋಣಿ, ದೋಣಿಯ ಮೇಲೆ ನಿಂತ ಒಬ್ಬ. ದೂರದಲ್ಲಿ ಚೆಲ್ಸಿಯ ಹಳೆಯ ಇಗರ್ಜಿಯ ಗೋಪುರ, ಅದರಾಚೆ 1873ರಲ್ಲಿ ಹೊಸದಾಗಿ ತೆರೆದ ಆಲ್ಬರ್ಟ್ ಸೇತುವೆಯ ದೀಪಗಳು. ಆಕಾಶದಲ್ಲಿ ಒಂದು ಬಾಣ ಏರುತ್ತಿದೆ, ಇನ್ನೊಂದು ಒಡೆದು ಬಂಗಾರದ ಪುಡಿಯಾಗಿ ಇಳಿಯುತ್ತಿದೆ. ಮಿಕ್ಕದ್ದೆಲ್ಲ ನೀಲಿ. ನೀರು ಎಲ್ಲಿ ಮುಗಿಯಿತು, ದಡ ಎಲ್ಲಿ ಶುರುವಾಯಿತು, ದಡ ಮುಗಿದು ಆಕಾಶ ಎಲ್ಲಿ ಹಿಡಿಯಿತು ಎಂದು ಬೆರಳಿಟ್ಟು ಹೇಳಲು ಬರುವುದಿಲ್ಲ.

"ಒಂಥರಾ ಬೇಜಾರಿನ ಚಿತ್ರ. ಪಾಪ, ಮನೇಲಿ ಯಾರೋ ತೀರಿಕೊಂಡಿದ್ದರೇನೋ."

ಹೀಗೆ ಅನ್ನುವವರು ರಾಯರೊಬ್ಬರೇ ಅಲ್ಲ. ಮಂಕು ಬೆಳಕಿನ ಚಿತ್ರ ಕಂಡ ಕೂಡಲೇ ಬರೆದವನ ಮನಸ್ಸೂ ಮಂಕಾಗಿತ್ತು ಅಂತ ತೀರ್ಮಾನಿಸುವುದು ನಮ್ಮೆಲ್ಲರಿಗೂ ಅಭ್ಯಾಸ. ಈ ಮನುಷ್ಯನಿಗೆ ಆ ತೀರ್ಮಾನ ಕಿಂಚಿತ್ತೂ ಒಪ್ಪುವುದಿಲ್ಲ. ಒಂಟಿಕಣ್ಣಿನ ಕನ್ನಡಕ, ಕಪ್ಪು ಗುಂಗುರು ಕೂದಲಿನ ನಡುವೆ ಬೇಕೆಂದೇ ಎದ್ದು ಕಾಣುವಂತೆ ಬಾಚಿದ ಒಂದು ಬಿಳಿ ಎಳೆ, ಕೈಯಲ್ಲಿ ಉದ್ದನೆ ಬೆತ್ತ. ಮಾತು ಚುಚ್ಚುಮಾತು, ಜಗಳವೆಂದರೆ ಜೀವ. 1867ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಮಲಅಕ್ಕನ ಗಂಡನನ್ನು ಅಂಗಡಿಯ ಗಾಜಿನ ಕಿಟಕಿ ಒಡೆದು ಆಚೆ ಬೀಳುವಂತೆ ತಳ್ಳಿದ ಮಹಾನುಭಾವ. ಇಂಥವನ ಕೈಯಿಂದ ಇಷ್ಟು ಸದ್ದಿಲ್ಲದ ಚಿತ್ರ ಬಂತು. ಚಿತ್ರದ ಭಾವ ಚಿತ್ರಕಾರನ ಹೊಟ್ಟೆಯೊಳಗಿಂದ ಬರುತ್ತದೆ ಅನ್ನುವವರು ವಿಸ್ಲರನನ್ನು ಒಮ್ಮೆ ನೋಡಬೇಕಿತ್ತು.

ಭಾವ ಬಂದದ್ದು ಹೊರಗಿನಿಂದ. ಬೆಳಕಿನಿಂದ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಬೆಳಕು ಏನನ್ನು ಅಳಿಸಿಹಾಕಿತೋ ಅದರಿಂದ.

ಸಂಜೆಯ ಮೇಲೆ ಅವನು ನದಿಗೆ ಇಳಿಯುತ್ತಿದ್ದ. ಪಕ್ಕದಲ್ಲೇ ಗ್ರೀವ್ಸ್ ಎಂಬ ದೋಣಿಯವರ ಸಂಸಾರವಿತ್ತು. ಮನೆಯ ಯಜಮಾನ ಹಿಂದೆ ಚಿತ್ರಕಾರ ಟರ್ನರನನ್ನು ದೋಣಿಯಲ್ಲಿ ಸುತ್ತಿಸಿದ್ದವನು. ಅವನ ಮಕ್ಕಳಾದ ವಾಲ್ಟರ್ ಮತ್ತು ಹೆನ್ರಿ ವಿಸ್ಲರನಿಗೆ ಹುಟ್ಟು ಹಾಕುವುದನ್ನು ಕಲಿಸಿದರು, ವಿಸ್ಲರ್ ಅವರಿಗೆ ಕುಂಚ ಹಿಡಿಯುವುದನ್ನು ಕಲಿಸಿದ. ರಾತ್ರಿ ನದಿಯ ಮೇಲೆ ಬಣ್ಣ ಬಿಚ್ಚುವುದಿಲ್ಲ. ಹೆಚ್ಚೆಂದರೆ ಕಂದು ಕಾಗದದ ಮೇಲೆ ಕಪ್ಪು ಬಿಳಿ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ. ಉಳಿದದ್ದು ನೆನಪು. ಅವನ ಜೊತೆ ಒಮ್ಮೆ ನಡೆದುಬರುತ್ತಿದ್ದ ಅಚ್ಚುಕೂಟದ ಗೆಳೆಯ ಥಾಮಸ್ ವೇ ಅದನ್ನು ಬರೆದಿಟ್ಟಿದ್ದಾನೆ. ದಾರಿಯಲ್ಲಿ ಕತ್ತಲೊಳಗಿನ ಮನೆಗಳ ಗುಂಪೊಂದನ್ನು ಕಂಡು ವಿಸ್ಲರ್ ನಿಂತ. ಸ್ವಲ್ಪ ಹೊತ್ತು ದಿಟ್ಟಿಸಿದ. ಆಮೇಲೆ ಅದಕ್ಕೆ ಬೆನ್ನು ಹಾಕಿ, ಆಕಾಶದ ಬಣ್ಣ ಹೀಗೆ, ದೀಪ ಇಂತಿಷ್ಟು ದೂರದಲ್ಲಿ, ನೆರಳು ಹೀಗೆ ಎಂದು ಪಾಠ ಒಪ್ಪಿಸಿದ. ತಪ್ಪಿದರೆ ಮತ್ತೆ ತಿರುಗಿ ನೋಡಿ ಮತ್ತೆ ಒಪ್ಪಿಸುವುದು. ಬಾಯಿಪಾಠ ಪೂರಾ ಆದ ಮೇಲೆ ಮನೆಗೆ ಹೋಗಿ ಮಲಗುವುದು, ಬೆಳಿಗ್ಗೆ ಎದ್ದು ಬರೆಯುವುದು.

"ನಾನು ಹೈಸ್ಕೂಲಿನಲ್ಲಿ ಮಕ್ಕಳಿಗೆ ಇದೇ ಮಾಡಿಸುತ್ತಿದ್ದೆ ರಾಯರೇ. ಕಿಟಕಿಯಾಚೆ ಒಂದು ನಿಮಿಷ ನೋಡಿ, ಕಿಟಕಿ ಮುಚ್ಚಿ, ಈಗ ಬರೆಯಿರಿ ಅಂತ. ಮುಚ್ಚಿದ ಮೇಲೆ ಅರ್ಧಕ್ಕರ್ಧ ಮರೆತುಹೋಗುತ್ತೆ. ಮರೆತದ್ದೆಲ್ಲ ಹೋಗಿ ಏನು ಉಳೀತೋ ಅದು ಚಿತ್ರ."

"ಇದು ಸಾಕ್ಷಿ ಹೇಳೋ ಕ್ರಮವೇ ಅಲ್ಲ," ಎಂದರು ರಾಯರು. "ಬೆನ್ನು ಹಾಕಿ ನಿಂತವನ ಸಾಕ್ಷಿ ಯಾರು ತಗೋತಾರೆ?"

ಬರೆಯುವ ರೀತಿಯೂ ಕೇಳುವಂಥದ್ದೇ. ಕ್ಯಾನ್ವಾಸಿಗೆ ಬಿಳಿಯ ಬದಲು ಮೊದಲೇ ಗಾಢ ಬಣ್ಣದ ಲೇಪ. ಮೇಲೆ ಹಚ್ಚುವ ಬಣ್ಣಕ್ಕೆ ಟರ್ಪೆಂಟೈನು, ಅಗಸೆ ಎಣ್ಣೆ, ಕೋಪಲ್ ಎಂಬ ಅಂಟು ಧಾರಾಳವಾಗಿ ಬೆರೆಸಿ ತಿಳಿಸಾರಿನಷ್ಟು ತೆಳು ಮಾಡುತ್ತಿದ್ದ. ಅದು ಇಳಿದುಹೋಗದಂತೆ ಕ್ಯಾನ್ವಾಸನ್ನು ನೆಲದ ಮೇಲೆ ಮಲಗಿಸಬೇಕಾಗುತ್ತಿತ್ತು. ಅಗಲವಾದ ಕುಂಚದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೇ ಎಳೆತ. ಆಕಾಶ ಒಂದೆಳೆತ, ನದಿ ಒಂದೆಳೆತ. ಒಪ್ಪಿಗೆಯಾಗದಿದ್ದರೆ ಬಟ್ಟೆಯಲ್ಲಿ ಪೂರಾ ಒರೆಸಿ ಮತ್ತೆ ಮೊದಲಿನಿಂದ. ತಿದ್ದುವುದು ಅಂತ ಇಲ್ಲ. ಒದ್ದೆ ಚಿತ್ರಗಳನ್ನು ತೋಟದಲ್ಲಿ ಬಿಸಿಲಿಗೆ ಒಣಗಲು ಇಡುತ್ತಿದ್ದರಂತೆ. ತೈಲವರ್ಣ ಅಂದರೆ ಗಾರೆ ಮೆತ್ತಿದಂತೆ ದಪ್ಪಗಿರಬೇಕು, ಪ್ರತಿ ಎಲೆಯೂ ಪ್ರತಿ ಗುಂಡಿಯೂ ಎಣಿಕೆಗೆ ಸಿಗಬೇಕು ಅನ್ನುವ ಕಾಲದಲ್ಲಿ ಈ ಕೆಲಸ.

ಇಷ್ಟು ಹೊತ್ತಿಗೆ ರಾಯರ ಮನೆಯವರು ಹೂಬುಟ್ಟಿ ಹಿಡಿದು ಗೋಡೆಯ ಹತ್ತಿರ ಬಂದರು. ಬೀದಿಗೆಲ್ಲ ಅವರು ಅಕ್ಕ. ಚಿತ್ರದ ಮೇಲೊಮ್ಮೆ ಕಣ್ಣಾಡಿಸಿ, "ಸಂಜೆ ಮುಗಿದು ರಾತ್ರಿ ಹತ್ತಿರವಾದ ಹೊತ್ತು," ಅಂದರು.

"ಗಂಟೆ ಹೇಗೆ ಗೊತ್ತಾಯಿತು ನಿನಗೆ?"

"ಕೆಂಪು ಎಲ್ಲೂ ಇಲ್ಲವಲ್ಲ. ದೀಪ ಹಚ್ಚಿದ ಮೇಲೆ ಹೂ ಕೀಳಬಾರದು ಅಂತಾರೆ. ಆದರೂ ಒಂದೊಂದು ದಿನ ಮರೆತು ಗಿಡದ ಹತ್ತಿರ ಹೋಗಿರ್ತೀನಿ. ಆ ಹೊತ್ತಿಗೆ ದಾಸವಾಳ ಕಪ್ಪಗಾಗಿರುತ್ತೆ, ಎಲೆ ಮಾತ್ರ ಇನ್ನೂ ಕಾಣಿಸ್ತಿರುತ್ತೆ."

ನಾನು ಗೋಡೆಯೀಚೆಯಿಂದಲೇ ಕೈ ಮುಗಿದೆ. ಬೊಹೀಮಿಯಾದ ಪುರ್ಕಿನ್ಯೆ ಎಂಬ ಶರೀರಶಾಸ್ತ್ರಜ್ಞ 19ನೇ ಶತಮಾನದ ಮೊದಲ ಭಾಗದಲ್ಲಿ ಇದನ್ನೇ ಗುರುತಿಸಿದ. ಇವತ್ತಿಗೂ ಅದಕ್ಕೆ ಅವನ ಹೆಸರಿದೆ. ಕಣ್ಣಿನ ಒಳಪೊರೆಯಲ್ಲಿ ಎರಡು ಬಗೆಯ ಜೀವಕೋಶಗಳಿವೆ. ಹಗಲಿನವು ಬಣ್ಣ ಬಲ್ಲವು, ಚೂಪಾಗಿ ನೋಡುವವು. ಇರುಳಿನವಕ್ಕೆ ಬಣ್ಣ ತಿಳಿಯದು, ಆದರೆ ಸ್ವಲ್ಪ ಬೆಳಕು ಸಾಕು. ಬೆಳಕು ಕುಗ್ಗಿದಂತೆ ಕಾರುಬಾರು ಇರುಳಿನವಕ್ಕೆ ದಾಟುತ್ತದೆ. ಅವಕ್ಕೆ ಕೆಂಪು ಬೆಳಕು ಹೆಚ್ಚುಕಮ್ಮಿ ಕತ್ತಲೆಯೇ. ನೀಲಿ ಹಸಿರಿನ ಕಡೆಯ ಬೆಳಕು ಮಾತ್ರ ಚೆನ್ನಾಗಿ ತಾಗುತ್ತದೆ. ಹಾಗಾಗಿ ಮುಸ್ಸಂಜೆಯಲ್ಲಿ ಮೊದಲು ಕೆಂಪು ಹೋಗುತ್ತದೆ, ನೀಲಿ ಕೊನೆಯವರೆಗೂ ನಿಲ್ಲುತ್ತದೆ. ಇನ್ನೊಂದು ತಮಾಷೆ. ಕಣ್ಣಿನ ನಟ್ಟನಡುವೆ, ನೇರವಾಗಿ ದಿಟ್ಟಿಸುವ ಜಾಗದಲ್ಲಿ, ಇರುಳಿನ ಕೋಶಗಳೇ ಇಲ್ಲ. ಮಸುಕಾದ ನಕ್ಷತ್ರವನ್ನು ನೇರವಾಗಿ ನೋಡಿದರೆ ಮಾಯವಾಗಿ, ಓರೆಗಣ್ಣಿನಲ್ಲಿ ನೋಡಿದರೆ ಮತ್ತೆ ಸಿಗುವುದು ಇದಕ್ಕೇ. ಕತ್ತಲಲ್ಲಿ ವಿವರ ಕಾಣದಿರುವುದು ಕಣ್ಣಿನ ಸೋಮಾರಿತನವಲ್ಲ, ಅದರ ರಚನೆ.

ವಿಸ್ಲರನಿಗೆ ಈ ವಿಜ್ಞಾನ ಬೇಕಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದ. ಆ ಕಾಲದ ಎಷ್ಟೋ ಬೆಳದಿಂಗಳ ಚಿತ್ರಗಳಲ್ಲಿ ಹಗಲಿನ ವಿವರವನ್ನೆಲ್ಲ ಬರೆದು ಮೇಲೊಂದು ಪದರ ನೀಲಿ ಬಳಿದಿರುತ್ತಾರೆ. ಚಂದ್ರನ ಬೆಳಕಿನಲ್ಲಿ ಇಟ್ಟಿಗೆಯ ಸಂದು ಎಣಿಸಬಹುದು. ಈ ಚಿತ್ರದಲ್ಲಿ ಸೇತುವೆಯ ಮೇಲಿನವರು ಜನವೋ ಅಲ್ಲವೋ ಎಂದು ರಾಯರಿಗೆ ಅನುಮಾನ ಬಂತಲ್ಲ, ಆ ಅನುಮಾನವೇ ಸತ್ಯ. ಆ ಹೊತ್ತಿನಲ್ಲಿ ಆ ದೂರದಿಂದ ನದಿಯ ಮೇಲೆ ದೋಣಿಯಲ್ಲಿ ಕೂತವನಿಗೆ ಅಷ್ಟೇ ಕಾಣುವುದು.

"ಹಾಗಾದರೆ ಸೇತುವೆ ಹಾಗೇ ಇತ್ತು ಅನ್ನಿ."

"ಅಲ್ಲೇ ಇರೋದು ತಕರಾರು. ಸೇತುವೆ ಹೀಗೆ ಇರಲೇ ಇಲ್ಲ."

ರಾಯರ ಹುಬ್ಬು ಮೇಲಕ್ಕೆ ಹೋಯಿತು.

ಬ್ಯಾಟರ್ಸೀಯ ಹಳೆಯ ಸೇತುವೆ 1770ರ ದಶಕದ ಆರಂಭದಲ್ಲಿ ಕಟ್ಟಿದ ಮರದ ಸೇತುವೆ. ಕುಳ್ಳು. ಒತ್ತೊತ್ತಾಗಿ ಕಾಲುಗಳು, ಸಂದುಗಳು ಎಷ್ಟು ಕಿರಿದೆಂದರೆ ದೋಣಿಗಳು ಬಂದು ಬಂದು ಡಿಕ್ಕಿ ಹೊಡೆಯುತ್ತಿದ್ದವು. ಕೊನೆಗೆ ಕೆಲವು ಕಾಲುಗಳನ್ನು ಕಿತ್ತು ದಾರಿ ಅಗಲ ಮಾಡಬೇಕಾಯಿತು. ವಿಸ್ಲರ್ ಒಂದು ಕಾಲು ಇಟ್ಟುಕೊಂಡು ಉಳಿದದ್ದನ್ನೆಲ್ಲ ಚಿತ್ರದಿಂದ ಹೊರಗೆ ಹಾಕಿದ. ಇಟ್ಟುಕೊಂಡದ್ದನ್ನೂ ಇಷ್ಟೆತ್ತರಕ್ಕೆ ಎಳೆದ. ಬಹುಶಃ ಈ ಎತ್ತರ ಅವನಿಗೆ ಜಪಾನಿನಿಂದ ಸಿಕ್ಕಿದ್ದು. ಅವನು ಜಪಾನಿನ ಮರದಚ್ಚಿನ ಚಿತ್ರಗಳನ್ನು ಆಸೆಯಿಂದ ಕೂಡಿಡುತ್ತಿದ್ದವನು. ಹಿರೋಷಿಗೆ ಎಂಬ ಚಿತ್ರಕಾರ 1850ರ ದಶಕದಲ್ಲಿ ಎಡೋ ನಗರದ, ಅಂದರೆ ಇಂದಿನ ಟೋಕಿಯೋದ, ನೂರಕ್ಕೂ ಮಿಕ್ಕು ನೋಟಗಳನ್ನು ಬರೆದ. ಅದರಲ್ಲಿ ಕ್ಯೋಬಾಷಿ ಸೇತುವೆಯ ಒಂದು ಬೆಳದಿಂಗಳ ಚಿತ್ರವಿದೆ. ಎತ್ತರದ ಮರದ ಕಾಲುಗಳು, ಮೇಲೆ ದಾಟುವ ಜನ, ಕೆಳಗೆ ನೀರು, ಸುತ್ತ ನೀಲಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ನೆಂಟಸ್ತಿಕೆ ತಾನಾಗಿ ಗೊತ್ತಾಗುತ್ತದೆ.

ಜಪಾನೀಯರ ಆ ನೀಲಿಯ ಕತೆಯೂ ಸುತ್ತುಬಳಸಿನದು. ಪ್ರಷ್ಯನ್ ನೀಲಿ ಅನ್ನುವ ಬಣ್ಣ 18ನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿತು. ಡಚ್ಚರ, ಚೀನೀಯರ ವ್ಯಾಪಾರದ ಹಡಗುಗಳಲ್ಲಿ ಜಪಾನಿಗೆ ಹೋಯಿತು. 1830ರ ಹೊತ್ತಿಗೆ ಅಗ್ಗವಾಗಿ ಅಲ್ಲಿನ ನದಿ, ಸಮುದ್ರ, ಆಕಾಶವನ್ನೆಲ್ಲ ತುಂಬಿತು. ಮೂವತ್ತು ವರ್ಷದ ಮೇಲೆ ಆ ಅಚ್ಚುಗಳು ಯೂರೋಪಿಗೆ ಬಂದಾಗ ಅಲ್ಲಿನವರು, ಅಬ್ಬಾ, ಇದು ಪೂರ್ವದೇಶದ ನೀಲಿ ಅಂತ ಮೂಗಿನ ಮೇಲೆ ಬೆರಳಿಟ್ಟರು. ತವರಿನವರೇ ಗುರುತು ಹಿಡಿಯಲಿಲ್ಲ.

"ವಿಷಯಾಂತರ," ಎಂದರು ರಾಯರು. "ಸೇತುವೆ ಸುಳ್ಳು ಅಂದಿರಿ. ಅದನ್ನು ಕೋರ್ಟಿನಲ್ಲಿ ಒಪ್ಪಿಕೊಂಡನಾ?"

"ಒಪ್ಪಿಕೊಂಡ. ಇದು ಸೇತುವೆಯ ತದ್ರೂಪು ಅಂತ ನಾನು ಹೇಳೇ ಇಲ್ಲ, ಹಗಲು ನೀವು ನೋಡೋ ಕಾಲಿಗೂ ಇದಕ್ಕೂ ಹೋಲಿಕೆ ಇಲ್ಲದೆ ಇರಬಹುದು, ನನಗೆ ಬೇಕಿದ್ದದ್ದು ಬಣ್ಣಗಳ ಒಂದು ಹೊಂದಾಣಿಕೆ ಅಷ್ಟೇ ಅಂದ."

"ಬುದ್ಧಿವಂತ. ಸುಳ್ಳು ಹಿಡಿಯೋ ಮುಂಚೆ ತಾನೇ ಒಪ್ಪಿಕೊಂಡ."

ಬುದ್ಧಿವಂತಿಕೆ ಸರಿ. ಆದರೆ ಬಣ್ಣದ ಹೊಂದಾಣಿಕೆ ಬಿಟ್ಟು ಬೇರೇನೂ ಇಲ್ಲ ಅನ್ನುವ ಅವನ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಅದು ಪಾಟೀಸವಾಲಿನಲ್ಲಿ ಒದಗಿಬಂದ ಮಾತು. ಹೆಸರನ್ನೂ ಅವನು ಅದಕ್ಕೆ ತಕ್ಕಂತೆ ಇಟ್ಟಿದ್ದ. ಮೊದಮೊದಲು ಈ ಚಿತ್ರಗಳನ್ನು ಬೆಳದಿಂಗಳುಗಳು ಅನ್ನುತ್ತಿದ್ದ. ಆಮೇಲೆ ಪಿಯಾನೋ ಹುಚ್ಚಿನ ಲೇಲೆಂಡ್ ಎಂಬ ಲಿವರ್‌ಪೂಲಿನ ಹಡಗು ಸಾಹುಕಾರ ಸೂಚಿಸಿದಂತೆ ಶೋಪಾನ್‌ನ ಸಂಗೀತ ರಚನೆಗಳ ಹೆಸರನ್ನೇ ತಂದು 'ನಾಕ್ಟರ್ನ್' ಎಂದು ಕರೆದ. ಈ ಚಿತ್ರ 'ನಾಕ್ಟರ್ನ್: ನೀಲಿ ಮತ್ತು ಬಂಗಾರ'. ಊರಿನ ಹೆಸರು ಹಿಂದೆ ಬಾಲದಲ್ಲಿ. ಬಣ್ಣವೇ ಎಲ್ಲ, ಊರು ನೆಪ ಅನ್ನುವ ವಾದ. ಊರು ನೆಪವಾಗಿದ್ದರೆ ಅದೇ ನದಿ, ಅದೇ ಒಂದೆರಡು ಮೈಲಿ ದಡ, ಅದೇ ಸೇತುವೆಗೆ ವರ್ಷಗಟ್ಟಲೆ ಯಾಕೆ ಸುತ್ತು ಹಾಕಿದ? ಆ ದಡದಲ್ಲಿ ಆಗ ಹಳೆಯದೆಲ್ಲ ಮಾಯವಾಗುತ್ತಿತ್ತು. 1858ರ ಬೇಸಿಗೆಯಲ್ಲಿ ಥೇಮ್ಸ್ ನಾರಿದ ನಾತಕ್ಕೆ ಪಾರ್ಲಿಮೆಂಟೇ ಮೂಗು ಮುಚ್ಚಿಕೊಂಡ ಮೇಲೆ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರು ಊರಿಗೆಲ್ಲ ದೊಡ್ಡ ಚರಂಡಿ ತೋಡಿ ದಡಕ್ಕೆ ಕಲ್ಲಿನ ಕಟ್ಟೆ ಕಟ್ಟಿಸಿದ. ವಿಸ್ಲರನ ಮನೆಯ ಕಡೆಗಿನ ಚೆಲ್ಸಿ ಕಟ್ಟೆ 1874ರಲ್ಲಿ ಮುಗಿಯಿತು. ಆ ಬಾಣಬಿರುಸು ಹಾರುತ್ತಿದ್ದದ್ದು ಹತ್ತಿರದ ಕ್ರೆಮೋರ್ನ್ ಉದ್ಯಾನದಿಂದ. ಕುಣಿತ, ಕುಡಿತ, ಬಲೂನು, ಪಟಾಕಿಗೆ ಹೆಸರಾದ ಜಾಗ. ಅಕ್ಕಪಕ್ಕದವರು ದೂರು ಕೊಟ್ಟು ಕೊಟ್ಟು 1877ರಲ್ಲಿ ಅದೂ ಮುಚ್ಚಿತು. ಹಳೆಯ ಸೇತುವೆಯನ್ನು 1885ರಲ್ಲಿ ಕಿತ್ತರು. ಹೊಸದನ್ನು ಕಟ್ಟಿದವನೂ ಅದೇ ಬ್ಯಾಜಲ್‌ಗೆಟ್. ಚಿತ್ರದಲ್ಲಿ ಮುಂದೆ ಮುದಿ ಮರದ ಸೇತುವೆ, ಹಿಂದೆ ಹೊಸ ಸೇತುವೆಯ ದೀಪಗಳು. ಇದು ಬರೀ ಬಣ್ಣದ ಲೆಕ್ಕ ಅಂದರೆ ನಾನು ಒಪ್ಪಲಾರೆ, ಅವನೇ ಪ್ರಮಾಣ ಮಾಡಿ ಹೇಳಿದರೂ.

ಅಕ್ಕ ಇನ್ನೂ ಚಿತ್ರವನ್ನೇ ನೋಡುತ್ತಿದ್ದರು. "ಇಷ್ಟೊಂದು ಮಂಜು ದಿನಾ ಇರುತ್ತಾ ಆ ಊರಲ್ಲಿ?"

"ಎಲ್ಲಾ ಮಂಜಲ್ಲ ಅಕ್ಕಾ. ಅರ್ಧ ಕಲ್ಲಿದ್ದಲಿನ ಹೊಗೆ. ಮನೆಮನೆಯ ಒಲೆ, ಕಾರ್ಖಾನೆಯ ಚಿಮಣಿ, ರೈಲು, ಆವಿದೋಣಿ, ಎಲ್ಲದರದ್ದೂ."

"ಅಯ್ಯೋ, ಬಟ್ಟೆ ಎಲ್ಲಿ ಒಣಹಾಕೋರು?"

ನನ್ನ ಹತ್ತಿರವಿರುವ ಕಲಾವಿಮರ್ಶೆಯ ಪುಸ್ತಕಗಳಲ್ಲಿ ಈ ಪ್ರಶ್ನೆ ಎತ್ತಿದವರಿಲ್ಲ. ಎತ್ತಬೇಕಿತ್ತು. ವಿಸ್ಲರ್ ಈ ಚಿತ್ರ ಬರೆಯುತ್ತಿದ್ದ ವರ್ಷಗಳಲ್ಲೇ, 1873ರ ಡಿಸೆಂಬರಿನಲ್ಲಿ, ಲಂಡನ್ನಿನ ಮೇಲೆ ಹೊಗೆಮಂಜು ದಿನಗಟ್ಟಲೆ ಕೂತುಬಿಟ್ಟಿತು. ಇಸ್ಲಿಂಗ್ಟನ್ನಿನಲ್ಲಿ ನಡೆಯುತ್ತಿದ್ದ ಜಾನುವಾರು ಪ್ರದರ್ಶನಕ್ಕೆ ತಂದಿದ್ದ ಕೊಬ್ಬಿದ ದನಗಳು ಉಸಿರು ಕಟ್ಟಿ ಸತ್ತವು. ದಾರಿ ಕಾಣದೆ ಜನ ನದಿಗೆ, ಹಡಗುಕಟ್ಟೆಯ ನೀರಿಗೆ ಬಿದ್ದರು. ಚಿತ್ರದಲ್ಲಿ ದಡವನ್ನೂ ಆಕಾಶವನ್ನೂ ಮೃದುವಾಗಿ ಬೆಸೆದಿರುವ ಆ ನೀಲಿಯೊಳಗೆ ಈ ಗಂಧಕದ ಹೊಗೆಯೂ ಇದೆ. ಸಂಜೆಯ ಮಂಜಿನಲ್ಲಿ ಚಿಮಣಿಗಳು ದೇವಾಲಯದ ಗೋಪುರಗಳಾಗುತ್ತವೆ, ಗೋದಾಮುಗಳು ಅರಮನೆಗಳಾಗುತ್ತವೆ ಎಂಬ ಅರ್ಥದ ಮಾತನ್ನು ವಿಸ್ಲರ್ 1885ರ ಒಂದು ಉಪನ್ಯಾಸದಲ್ಲಿ ಹೇಳಿದ. ಅವನ ಕಣ್ಣಿಗೆ ಹೌದು. ಆ ಗೋದಾಮಿನ ಹಿಂದಿನ ಬೀದಿಯಲ್ಲಿ ಸೀನುತ್ತಾ ಕೆಮ್ಮುತ್ತಾ ಇದ್ದವರ ಕಣ್ಣಿಗೆ ಏನೋ. ಇದನ್ನು ತಿಳಿದ ಮೇಲೆ ನನಗೆ ಚಿತ್ರದ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ. ಆದರೆ ಗೋಡೆಗೆ ನೇತುಹಾಕಿ ಬರೀ ಆಹಾ ಅನ್ನಲೂ ಆಗುತ್ತಿಲ್ಲ.

"ಅಕ್ಕ ಒಳಗೆ ಹೋದಳು, ಈಗ ಕೇಸಿಗೆ ಬನ್ನಿ," ಎಂದರು ರಾಯರು. ಹೆಂಡತಿಯನ್ನು ಬೀದಿಯವರ ಹಾಗೆ ಅಕ್ಕ ಎಂದದ್ದು ಅವರ ಗಮನಕ್ಕೇ ಬರಲಿಲ್ಲ. ಅಷ್ಟು ತಲ್ಲೀನರಾಗಿದ್ದರು.

ಕೇಸು ಎರಡು ದಿನ ನಡೆಯಿತು. ರಸ್ಕಿನ್ನನ ಪರ ಅಟಾರ್ನಿ ಜನರಲ್ ಜಾನ್ ಹೋಕರ್. ಪಟಾಕಿ ಚಿತ್ರ ಬರೆಯಲು ಎಷ್ಟು ಹೊತ್ತು ಹಿಡಿಯಿತು ಅಂತ ಕೇಳಿದ. ಒಂದೆರಡು ದಿನ ಅಂತ ಉತ್ತರ. ಎರಡು ದಿನದ ಕೂಲಿಗೆ 200 ಗಿನಿಯೇ? ಅಲ್ಲ, ಒಂದು ಜೀವಮಾನದಲ್ಲಿ ಗಳಿಸಿದ ತಿಳಿವಳಿಕೆಗೆ ಅಂದ ವಿಸ್ಲರ್. ಕೋರ್ಟಿನಲ್ಲಿ ಚಪ್ಪಾಳೆ ಬಿತ್ತು.

"ಚೆನ್ನಾಗಿ ಹೇಳಿದ. ನಮ್ಮ ವಕೀಲರೂ ಇದನ್ನೇ ಹೇಳೋದು, ಚಪ್ಪಾಳೆ ಮಾತ್ರ ಬೀಳಲ್ಲ. ಪ್ರತಿವಾದಿಯನ್ನು ಕಟಕಟೆಗೆ ಕರೆದರಾ?"

"ಬರಲಿಲ್ಲ. ಆ ವರ್ಷದ ಆರಂಭದಲ್ಲಿ ರಸ್ಕಿನ್ನನಿಗೆ ಬುದ್ಧಿ ಕದಡಿ ಕಾಯಿಲೆಯಾಗಿತ್ತು. ಅವನ ಬದಲು ಅವನ ಗೆಳೆಯ ಬರ್ನ್-ಜೋನ್ಸ್ ಬಂದ. ತಾನೂ ದೊಡ್ಡ ಚಿತ್ರಕಾರ. ಬಣ್ಣ ಚೆನ್ನಾಗಿದೆ, ವಾತಾವರಣ ಚೆನ್ನಾಗಿದೆ, ಆದರೆ ಮುಗಿದಿಲ್ಲ, ಬರೀ ಕರಡು ಅಂದ."

ಮುಗಿದ ಚಿತ್ರ ಅಂದರೆ ಹೇಗಿರುತ್ತೆ ಅಂತ ಜ್ಯೂರಿಗೆ ತೋರಿಸಲು ರಸ್ಕಿನ್ನನ ಕಡೆಯವರು ಅವನ ಮನೆಯಿಂದ ಒಂದು ಹಳೆಯ ಚಿತ್ರವನ್ನೇ ಹೊತ್ತು ತಂದರು. ವೆನಿಸ್ಸಿನ ಅಧಿಪತಿ ಆಂದ್ರೆಯಾ ಗ್ರಿತ್ತಿಯ ಭಾವಚಿತ್ರ, ಬರೆದವನು ಮಹಾನ್ ಟಿಷಿಯನ್ ಎಂದು ಹೇಳಿದರು. ಜ್ಯೂರಿಯವರಲ್ಲೊಬ್ಬ ಅದನ್ನೂ ವಿಸ್ಲರನದೇ ಎಂದುಕೊಂಡು, ಸಾಕಪ್ಪಾ ಸಾಕು ಈ ವಿಸ್ಲರನ ಕಾಟ ಅಂದನೆಂದು ಒಂದು ಕತೆ. ಕತೆ ನಿಜವೋ ಸುಳ್ಳೋ, ಆಮೇಲಿನದಂತೂ ನಿಜ. ಆ ಭಾವಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಟಿಷಿಯನ್ನನ ಹೆಸರಿನಲ್ಲಲ್ಲ. ವಿದ್ವಾಂಸರು ಅದನ್ನು ಕತೇನ ಎಂಬ ಇನ್ನೊಬ್ಬ ಚಿತ್ರಕಾರನ ಲೆಕ್ಕಕ್ಕೆ ಬರೆದಿದ್ದಾರೆ.

ರಾಯರು ತೊಡೆ ತಟ್ಟಿಕೊಂಡು ನಕ್ಕರು. "ದಸ್ತಾವೇಜೇ ಖೊಟ್ಟಿ! ತೀರ್ಪು ಏನಾಯ್ತು?"

"ವಿಸ್ಲರನ ಪರ. ಪರಿಹಾರ ಒಂದು ಫಾರ್ದಿಂಗ್. ಅಂದರೆ ಪೆನ್ನಿಯ ಕಾಲು ಭಾಗ. ಪೌಂಡಿಗೆ 960 ಫಾರ್ದಿಂಗ್."

"ಖರ್ಚು?"

"ಅವರವರದು ಅವರವರಿಗೆ."

ರಾಯರು ಒಂದು ಚಿಟಿಕೆ ನಶ್ಯ ಏರಿಸಿ, ಸೀನು ಬರಲೆಂದು ಆಕಾಶ ನೋಡಿ, ಬಾರದಿದ್ದಾಗ ಹೇಳಿದರು. "ಅದು ಗೆಲುವಲ್ಲ ಮೇಷ್ಟ್ರೇ, ಬೈಗುಳ. ಕಾನೂನಿನ ಪ್ರಕಾರ ನೀನು ಸರಿ ಕಣಯ್ಯ, ಆದರೆ ನಿನ್ನ ಮಾನಕ್ಕೆ ಇಷ್ಟೇ ಬೆಲೆ ಅಂತ. ಸೋಲಿಸಿದ್ದರೆ ಉಳ್ಕೋತಿದ್ದ. ಹೀಗೆ ಗೆಲ್ಲಿಸಿ ಮುಳುಗಿಸಿದರು."

ಮುಳುಗಿದ್ದು ನಿಜ. ರಸ್ಕಿನ್ನನ ಖರ್ಚನ್ನು ಅಭಿಮಾನಿಗಳು ಚಂದಾ ಎತ್ತಿ ತುಂಬಿದರು. ವಿಸ್ಲರನಿಗೆ ಮೊದಲೇ ಸಾಲವಿತ್ತು. 1879ರ ಮೇ ತಿಂಗಳಲ್ಲಿ ದಿವಾಳಿಯಾದ. ಆಗಷ್ಟೇ ಕಟ್ಟಿಸಿದ್ದ ಮನೆ ಹರಾಜಾಯಿತು. ತಗಡಿನಲ್ಲಿ ಕೊರೆದ ಅಚ್ಚುಚಿತ್ರ ಮಾಡಿಕೊಡುವ ಕೆಲಸ ಹಿಡಿದು ವೆನಿಸ್ಸಿಗೆ ಹೋದ. ಇನ್ನೊಂದು ನೀರಿನ ಊರು. ರಸ್ಕಿನ್ ಕೂಡ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಹುದ್ದೆ ಬಿಟ್ಟ. ನನಗೆ ಇದರಲ್ಲಿ ಬೇಸರದ ಸಂಗತಿ ಅಂದರೆ, ಇದೇ ರಸ್ಕಿನ್ ಹರೆಯದಲ್ಲಿ ಟರ್ನರನ ಪರ ಲೇಖನಿ ಎತ್ತಿದವನು. ಟರ್ನರನ ಬಿರುಗಾಳಿಯ ಚಿತ್ರವನ್ನು ಜನ ಸೋಪಿನ ನೊರೆ, ಸುಣ್ಣದ ನೀರು ಎಂದು ಹಂಗಿಸಿದಾಗ, ನಿಮಗೆ ನೋಡಲು ಬರುವುದಿಲ್ಲ ಎಂದು ಸಂಪುಟಗಟ್ಟಲೆ ಬರೆದು ಬಾಯಿ ಮುಚ್ಚಿಸಿದವನು. ಅದೇ ಚೆಲ್ಸಿಯ ದಡದಲ್ಲೇ ಟರ್ನರ್ 1851ರಲ್ಲಿ ಪ್ರಾಣ ಬಿಟ್ಟದ್ದು. ಕಾಲು ಶತಮಾನದ ಮೇಲೆ ಅಲ್ಲೇ ಇನ್ನೊಬ್ಬ ಮಸುಕನ್ನು ಬರೆದಾಗ ರಸ್ಕಿನ್ನನ ಕಣ್ಣಿಗೇ ಅದು ಹಿಡಿಸಲಿಲ್ಲ.

"ಈ ಚಿತ್ರ ಆಮೇಲೆ ಯಾರ ಪಾಲಾಯಿತು?"

"ಗ್ರಹಾಂ ಎಂಬ ಸಾಹುಕಾರನ ಹತ್ತಿರ ಇತ್ತು. ಅವನು ತೀರಿಕೊಂಡ ಮೇಲೆ 1886ರಲ್ಲಿ ಹರಾಜಿಗೆ ತಂದರು. ಪೀಠದ ಮೇಲೆ ಇಟ್ಟ ಕೂಡಲೇ ಸಭೆಯಲ್ಲಿದ್ದವರು ಹುಸ್ಸ್ ಅಂತ ಕೂಗಿ ಅವಮಾನ ಮಾಡಿದರಂತೆ. ಇಂಥ ಗಣ್ಯರ ಗಮನಕ್ಕೆ ಪಾತ್ರವಾದದ್ದು ನನ್ನ ಭಾಗ್ಯ ಅನ್ನೋ ಧಾಟಿಯಲ್ಲಿ ವಿಸ್ಲರ್ ಪತ್ರಿಕೆಗೆ ಕಾಗದ ಬರೆದ. ಅವನು 1903ರಲ್ಲಿ ಸತ್ತ. ಎರಡೇ ವರ್ಷಕ್ಕೆ ಕಲಾಪ್ರಿಯರ ನಿಧಿಯೊಂದು ಇದನ್ನು ಕೊಂಡು ದೇಶಕ್ಕೆ ಕೊಟ್ಟಿತು. ಆಗ ಕೊಟ್ಟದ್ದು ಸುಮಾರು 2000 ಪೌಂಡು."

"ಅಪೀಲಿನಲ್ಲಿ ಗೆದ್ದ ಅನ್ನಿ."

"ಅಪೀಲೇನೂ ಹಾಕಲಿಲ್ಲ ರಾಯರೇ. ತೀರ್ಪು ಬಂದ ಮರುತಿಂಗಳೇ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿ ವಿಮರ್ಶಕರನ್ನೆಲ್ಲ ಝಾಡಿಸಿದ. ಆಮೇಲೆ 1890ರಲ್ಲಿ ಒಂದು ದೊಡ್ಡ ಪುಸ್ತಕ ತಂದ. ಅದರಲ್ಲಿ ವಿಚಾರಣೆಯ ಸವಾಲು ಜವಾಬುಗಳನ್ನು ತನಗೆ ಬೇಕಾದ ಹಾಗೆ ಒಪ್ಪ ಮಾಡಿ ಸೇರಿಸಿದ."

ರಾಯರು ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿ, ನಶ್ಯದ ಪುಡಿ ಬಿದ್ದಿದ್ದನ್ನು ಊದಿ, ಗೋಡೆಯ ಈಚೆಗೆ ನನ್ನ ಕೈಗೆ ಕೊಟ್ಟರು.

"ಸವಾಲು ಜವಾಬು ಪೂರ್ತಿ ಇದೆಯಾ ಅದರಲ್ಲಿ?"

"ಪೂರ್ತಿ ಅಲ್ಲ, ಅವನಿಗೆ ಬೇಕಾದಷ್ಟು ಇದೆ. ನನ್ನ ಹತ್ತಿರ ಒಂದು ಪ್ರತಿನೂ ಇದೆ."

"ಮತ್ತೆ ಅದನ್ನು ಕೊಡೋದು ಬಿಟ್ಟು ಈ ಕತ್ತಲೆ ಯಾಕೆ ಕೊಟ್ಟಿರಿ? ಪುಸ್ತಕ ತನ್ನಿ, ನಾನು ಇಲ್ಲೇ ನಿಂತಿರ್ತೀನಿ."